7ನೇ ಮಹಡಿಯಿಂದ ಹಗ್ಗದಲ್ಲಿ ಇಳಿಯೋ ಸಾಧನ ಮನೆಗೆ ಹಾಕಿಸಿದ್ದು: ನನ್ನ ಅನುಭವ

ಬೆಂಕಿ ಬಿದ್ದಾಗ ಕಿಟಕಿಯಿಂದ ಇಳಿಯೋ ಸಾಧನ ನಮ್ಮ ಮನೆಗೆ ಹಾಕಿಸಿದೀನಿ ಅಂತ ಗೊತ್ತಾದ ಮೇಲೆ ಪರಿಚಯದವರು ಒಬ್ಬೊಬ್ಬರೇ ಕೇಳ್ತಿದ್ದಾರೆ, ಯಾವುದು ತಗೊಂಡ್ರಿ, ಎಲ್ಲಿ ಸಿಗುತ್ತೆ, ಲಿಂಕ್ ಕಳ್ಸಿ ಅಂತ. ಲಿಂಕ್ ಕಳಿಸೋಕೆ ನನಗೆ ಮನಸ್ಸು ಬರಲ್ಲ. ಆ ಡಬ್ಬ ತಂದು ಅಲ್ಮೆರಾದಲ್ಲಿ ಇಟ್ಕೊಂಡ್ರೆ ಏನೂ ಪ್ರಯೋಜನ ಇಲ್ಲ, ಅದನ್ನ ಎಲ್ಲಿ ನೇತು ಹಾಕ್ತೀರ, ಯಾವ ಕಡೆ ಗೋಡೆ ಮೇಲೆ ಇಳೀತೀರ, ಗ್ರಿಲ್ ದಾಟಿ ಹೊರಗೆ ಹೇಗೆ ಹೋಗ್ತೀರ, ಇದೇ ಮುಕ್ಕಾಲು ಪಾಲು ಕೆಲಸ. ಅದಕ್ಕೆ ನಾನು ಮಾಡಿದ್ದನ್ನ ಪೂರ್ತಿ ಬರೀತಿದೀನಿ.

ನಾನು ಪೀಣ್ಯದಲ್ಲಿ ಮೆಷಿನ್ ಡಿಸೈನ್ ಕೆಲಸ ಮಾಡೋನು. 2010ರ ಫೆಬ್ರವರಿ 23ರಂದು ಹಳೇ ಏರ್‌ಪೋರ್ಟ್ ರಸ್ತೆ ಕಾರ್ಲ್‌ಟನ್ ಟವರ್ಸ್‌ನಲ್ಲಿ ಬೆಂಕಿ ಬಿದ್ದು 9 ಜನ ಹೋದ್ರು, ಹೊಗೆ ತಡೆಯಕ್ಕಾಗದೆ ಗಾಜು ಒಡೆದು ಮೇಲಿಂದ ಹಾರಿದವರನ್ನ ಟಿವಿಯಲ್ಲಿ ನೋಡಿದ್ದು ಇವತ್ತಿಗೂ ಮರೆತಿಲ್ಲ. ಆಮೇಲೆ 2021ರ ಸೆಪ್ಟೆಂಬರ್‌ನಲ್ಲಿ ದೇವರಚಿಕ್ಕನಹಳ್ಳಿಯ ಅಪಾರ್ಟ್‌ಮೆಂಟ್, ಅಲ್ಲಿ ಬಾಲ್ಕನಿಗೆ ಗ್ರಿಲ್ ಇತ್ತು, ಒಳಗಿದ್ದವರು ಬಾಲ್ಕನಿವರೆಗೂ ಬಂದ್ರೂ ಹೊರಗೆ ಬರಕ್ಕಾಗ್ಲಿಲ್ಲ, ತಾಯಿ ಮಗಳು ಇಬ್ಬರೂ ತೀರಿಕೊಂಡ್ರು. ನಮ್ಮ ಮನೆಯಲ್ಲೂ ಅಮ್ಮ ಇದ್ದಾರೆ, ಮಗಳಿದ್ದಾಳೆ, ನಮ್ಮ ಬಾಲ್ಕನಿಗೂ ಅದೇ ಥರ ಗ್ರಿಲ್.

ಬೆಂಗಳೂರಿನ ಫೈರ್ ಸರ್ವೀಸ್‌ಗೆ 90 ಮೀಟರ್ ಏಣಿ ಗಾಡಿ ಬಂದಿದೆಯಲ್ಲ ಅಂತ ಕೆಲವರು ಅಂತಾರೆ. ಬಂದಿದೆ, ಒಳ್ಳೇದೇ. ಆದ್ರೆ ಅಷ್ಟು ದೊಡ್ಡ ಗಾಡಿ ನಮ್ಮ 30 ಅಡಿ ರಸ್ತೆಗೆ, ಎರಡೂ ಕಡೆ ಕಾರ್ ನಿಂತಿರೋ ಕಡೆ, ಮೇಲೆ ವೈರ್ ಹಾದಿರೋ ಕಡೆ ಬಂದು ಕಾಲು ಊರಿ ನಿಲ್ಲಬೇಕಲ್ಲ, ಅಷ್ಟೊತ್ತಿಗೆ ಹೊಗೆ ತನ್ನ ಕೆಲಸ ಮುಗಿಸಿರುತ್ತೆ.

ಮೊದಲೇ ಒಂದು ಮಾತು ಹೇಳಿಬಿಡ್ತೀನಿ. ಫೈರ್ ಸ್ಟೇಷನ್‌ಗೆ ಹೋಗಿ ಕೇಳಿದಾಗ ಅಲ್ಲಿನ ಅಧಿಕಾರಿ ನನ್ನ ಡ್ರಾಯಿಂಗ್ ನೋಡೋಕ್ಕಿಂತ ಮುಂಚೆ ಕೇಳಿದ್ದು, "ನಿಮ್ಮ ಮೆಟ್ಟಿಲ ಬಾಗಿಲು ಮುಚ್ಚಿರುತ್ತಾ ಸಾರ್, ಇಲ್ಲ ಇಟ್ಟಿಗೆ ಇಟ್ಟು ತೆಗೆದಿಟ್ಟಿರ್ತೀರಾ?" ಅಂತ. ಸರಿಯಾದ ಪ್ರಶ್ನೆ. ಫೈರ್ ಡೋರ್ ತಾನಾಗೇ ಮುಚ್ಕೊಂಡ್ರೆ ಮೆಟ್ಟಿಲಿಗೆ ಹೊಗೆ ನುಗ್ಗಲ್ಲ, ಮೆಟ್ಟಿಲು ಚೆನ್ನಾಗಿದ್ರೆ ನೂರಕ್ಕೆ ನೂರು ಜನ ಅದರಲ್ಲೇ ಇಳೀಬೇಕು, ಹಗ್ಗದ ಮಾತೇ ಬೇಡ. ನಮ್ಮಲ್ಲಿ ಆ ಬಾಗಿಲುಗಳ ಕ್ಲೋಸರ್ ಎಲ್ಲಾ ರಿಪೇರಿ ಮಾಡಿಸಿ, ಮೆಟ್ಟಿಲ ಮೇಲಿದ್ದ ಹಳೇ ಸೋಫಾ, ಸೈಕಲ್, ಗಿಡದ ಕುಂಡ ಎಲ್ಲಾ ಅಸೋಸಿಯೇಷನ್‌ನವರ ಹತ್ರ ತೆಗೆಸಿ ಆಮೇಲೇ ನಾನು ಈ ಕಡೆ ಬಂದಿದ್ದು. ಎರಡೂ ಮೆಟ್ಟಿಲಲ್ಲಿ ಹೊಗೆ ತುಂಬಿ, ಮುಂಬಾಗಿಲಿಗೆ ಕೈ ಹಿಂಭಾಗ ಇಟ್ರೆ ಬಿಸಿ ಅನ್ನಿಸೋ ಹೊತ್ತಿಗೆ ಮಾತ್ರ ಈ ಸಾಧನ.

ಈಗ ಸಾಧನಕ್ಕೆ ಬರೋಣ. ಜಪಾನ್‌ನಲ್ಲಿ, ಕೊರಿಯಾದಲ್ಲಿ ಇದು ಹೊಸದೇನಲ್ಲ, ಕೊರಿಯಾದಲ್ಲಂತೂ 3ರಿಂದ 10ನೇ ಮಹಡಿವರೆಗೆ ಕಿಟಕಿ ಪಕ್ಕ ಗೋಡೆಗೆ ಒಂದು ಕಬ್ಬಿಣದ ತೋಳು, ಕೆಳಗೆ ಒಂದು ಡಬ್ಬ ತುಂಬಾ ಕಡೆ ಕಾಣುತ್ತೆ. ಡಬ್ಬದಲ್ಲಿ ಒಂದು ಬ್ರೇಕ್ ಯೂನಿಟ್, ಅದರ ಮೂಲಕ ಹಾದು ಹೋಗೋ ಹಗ್ಗ, ಹಗ್ಗದ ಎರಡೂ ತುದಿಗೆ ಒಂದೊಂದು ಬೆಲ್ಟ್. ಒಬ್ಬರು ಇಳಿದಾಗ ಇನ್ನೊಂದು ತುದಿಯ ಬೆಲ್ಟ್ ತಾನಾಗೇ ಮೇಲೆ ಬರುತ್ತೆ, ಮುಂದಿನವರು ಅದನ್ನ ಹಾಕ್ಕೊಂಡು ಇಳೀತಾರೆ, ಆಗ ಮೊದಲನೇದು ಮೇಲೆ ಬರುತ್ತೆ. ಕರೆಂಟ್ ಬೇಡ, ಬ್ಯಾಟರಿ ಬೇಡ, ಕೈಯಲ್ಲಿ ಬ್ರೇಕ್ ಹಿಡಿಯೋ ಗೋಜಿಲ್ಲ. ಪ್ರಜ್ಞೆ ತಪ್ಪಿದವರನ್ನ ಬೆಲ್ಟ್ ಹಾಕಿ ಬಿಟ್ರೂ ಅದೇ ವೇಗದಲ್ಲೇ ಇಳೀತಾರೆ.

ಒಳಗಿರೋ ತತ್ವ ಹಳೇ ಲೂನಾ ಮೊಪೆಡ್ ಕ್ಲಚ್ ಥರಾನೇ. ಹಗ್ಗ ಒಂದು ಪುಲ್ಲಿ ತಿರುಗಿಸುತ್ತೆ, ಗೇರ್ ಆ ಸುತ್ತನ್ನ ಹೆಚ್ಚಿಸುತ್ತೆ, ಸುತ್ತು ಜೋರಾದಷ್ಟೂ ಬ್ರೇಕ್ ಶೂಗಳು ಹೊರಕ್ಕೆ ಚಿಮ್ಮಿ ಡ್ರಮ್‌ಗೆ ಒತ್ಕೊಳ್ತವೆ. ಒತ್ತೋ ಬಲ ವೇಗದ ವರ್ಗದ ಲೆಕ್ಕದಲ್ಲಿ ಏರುತ್ತೆ, ಹಾಗಾಗಿ ತೂಕ 4 ಪಟ್ಟಾದ್ರೂ ಇಳಿಯೋ ವೇಗ ಹೆಚ್ಚುಕಮ್ಮಿ 2 ಪಟ್ಟು ಮಾತ್ರ ಆಗುತ್ತೆ. 25 ಕೆಜಿ ಮಗು ಮತ್ತು 100 ಕೆಜಿ ಗಂಡಸು ಒಂದೇ ಸಾಧನದಲ್ಲಿ ಇಳಿಯೋಕೆ ಆಗೋದು ಇದರಿಂದಾನೇ, ನನಗಂತೂ ಇದು ತುಂಬಾ ಚಂದದ ಡಿಸೈನ್ ಅನ್ಸುತ್ತೆ. ಜಪಾನಿನ ನಿಯಮದ ಪ್ರಕಾರ ವೇಗ ಸೆಕೆಂಡಿಗೆ 16ರಿಂದ 150 ಸೆಂಟಿಮೀಟರ್ ಒಳಗಿರಬೇಕು. ಆದ್ರೆ ಕನಿಷ್ಠ ತೂಕ ಅಂತ ಒಂದಿದೆ, ಅದಕ್ಕಿಂತ ಹಗುರ ಇದ್ರೆ ಮಗು ಮಧ್ಯದಲ್ಲೇ ನಿಂತುಬಿಡಬಹುದು, ಯೂನಿಟ್ ಮೇಲೆ ಬರೆದಿರುತ್ತೆ, ತಗೊಳ್ಳೋ ಮುಂಚೆ ಅದನ್ನ ನೋಡಿ.

ಇನ್ನೊಂದು ಲೆಕ್ಕ ಬಿಸಿದು. ಇಳಿಯೋರ ಶಕ್ತಿ ಎಲ್ಲಾ ಬ್ರೇಕಲ್ಲಿ ಶಾಖ ಆಗುತ್ತೆ. ನಮ್ಮ ಮನೆ ನೆಲದಿಂದ ಸುಮಾರು 22 ಮೀಟರ್, 80 ಕೆಜಿ ಮನುಷ್ಯ ಇಳಿದ್ರೆ 80 ಗುಣಿಸು 9.8 ಗುಣಿಸು 22, ಅಂದ್ರೆ ಸುಮಾರು 17 ಸಾವಿರ ಜೂಲ್. ಯುರೋಪಿನ ಇಎನ್ 341 ಸ್ಟ್ಯಾಂಡರ್ಡ್‌ನಲ್ಲಿ ಸಿ ಕ್ಲಾಸ್ ಸಾಧನಕ್ಕೆ ಒಟ್ಟು 5 ಲಕ್ಷ ಜೂಲ್ ಪರೀಕ್ಷೆ, ಎ ಕ್ಲಾಸ್‌ಗೆ 75 ಲಕ್ಷ, ಡಿ ಕ್ಲಾಸ್ ಅಂದ್ರೆ ಒಂದೇ ಸಲ ಇಳಿಯೋಕೆ. ನಾವು ನಾಲ್ಕು ಜನ, ಪಕ್ಕದ ಮನೆಯವರು ಸೇರಿದ್ರೂ ಸಿ ಕ್ಲಾಸ್ ಧಾರಾಳ ಸಾಕು. ಆದ್ರೆ ಒಂದೇ ಸಲದ ಸಾಧನವನ್ನ ಫ್ಯಾಮಿಲಿ ಪ್ಯಾಕ್ ಥರ ಮಾರೋದೂ ಇದೆ, ಮನೇಲಿ ನಾಲ್ಕು ಜನ ಇದ್ರೆ ಯಾರೊಬ್ಬರು ಇಳೀತೀರ ಹೇಳಿ. ಹಗ್ಗವೂ ಅಷ್ಟೇ, ಒಳಗೆ ಸ್ಟೀಲ್ ವೈರ್ ಇದ್ದು ಮೇಲೆ ನೂಲಿನ ಹೊದಿಕೆ ಇರೋದನ್ನೇ ತಗೊಳ್ಳಿ. ಆನ್‌ಲೈನಲ್ಲಿ ಸಿಗೋ ಅಗ್ಗದ ಪಾಲಿಪ್ರೊಪಿಲೀನ್ ಹಗ್ಗ 160 ಡಿಗ್ರಿ ದಾಟಿದ್ರೆ ಕರಗಿಹೋಗುತ್ತೆ, ಕೆಳಗಿನ ಮನೆ ಕಿಟಕಿಯಿಂದ ಬರೋ ಬೆಂಕಿಗೆ ಅದು ಎಷ್ಟು ಹೊತ್ತಿನ ಮಾತು. ಹಗ್ಗದ ಏಣಿ 2ನೇ ಮಹಡಿಗೆ ಸರಿ, ಅದಕ್ಕಿಂತ ಮೇಲೆ ಬೇಡ, ವಯಸ್ಸಾದವರು ತೂಗಾಡೋ ಏಣಿ ಮೇಲೆ ಕಾಲಿಡೋಕೇ ಆಗಲ್ಲ. ಬಟ್ಟೆ ಸುರಂಗದ ಥರದ ಶೂಟ್ ಕೂಡ ಇದೆ, ಆಸ್ಪತ್ರೆ ಹಾಸ್ಟೆಲ್‌ಗೆ ಒಳ್ಳೇದು, ಮನೆಗೆ ಜಾಗ ಸಾಲಲ್ಲ.

ಜಾಗ ಹುಡುಕೋದೇ ನಿಜವಾದ ತಲೆನೋವು. ಮುಂದಿನ ಬಾಲ್ಕನಿ ನೋಡಿದ್ರೆ ಅದರ ಕೆಳಗೆ ಸಾಲಾಗಿ ಆರು ಬಾಲ್ಕನಿ, ಅಂದ್ರೆ ಬೆಂಕಿ ಕೆಳಗಿನ ಯಾವ ಮನೇಲಿ ಬಿದ್ರೂ ನಾವು ಜ್ವಾಲೆ ಮುಂದೇನೇ ಇಳೀಬೇಕು. ಯುಟಿಲಿಟಿ ಕಡೆ ನೋಡಿದ್ರೆ ಪ್ರತಿ ಮಹಡಿಗೂ 2 ಅಡಿ ಸಜ್ಜಾ, ಎಸಿ ಔಟ್‌ಡೋರ್ ಯೂನಿಟ್, ಬಟ್ಟೆ ಒಣಗಿಸೋ ರಾಡು, ಕೆಳಗೆ ನೇರವಾಗಿ ಟ್ರಾನ್ಸ್‌ಫಾರ್ಮರ್. ಕೊನೆಗೆ ಮಗಳ ರೂಮಿನ ಮೂಲೆ ಕಿಟಕಿ ಸಿಕ್ತು, ಅದರ ಪಕ್ಕದಲ್ಲಿ ನೆಲದವರೆಗೂ ಒಂದೂ ಕಿಟಕಿ ಇಲ್ಲದ ಬೋಳು ಗೋಡೆ, ಕೆಳಗೆ ಹುಲ್ಲಿನ ಜಾಗ. ಕಿಟಕಿಯಿಂದ ಹೊರಗೆ ಬಂದು ತೋಳನ್ನ ಪಕ್ಕಕ್ಕೆ ತಿರುಗಿಸಿದ್ರೆ ಆ ಬೋಳು ಗೋಡೆ ಎದುರಿಗೇ ಇಳೀಬಹುದು. ನೀವೂ ಹುಡುಕೋವಾಗ ಮೊದಲು ಕೆಳಗೆ ನಿಂತು ಮೇಲೆ ನೋಡಿ, ಮೇಲಿಂದ ನೋಡಿದ್ರೆ ಈ ಸಜ್ಜಾ ಲೆಕ್ಕ ಸರಿಯಾಗಿ ತಿಳಿಯಲ್ಲ.

ಆಮೇಲೆ ಆಂಕರ್, ಅಂದ್ರೆ ಆ ತೋಳನ್ನ ಕಟ್ಟಡಕ್ಕೆ ಹಿಡಿದಿಡೋ ಬೋಲ್ಟ್. ನಮ್ಮ ಕಡೆ ಅಪಾರ್ಟ್‌ಮೆಂಟ್ ಗೋಡೆ ಅಂದ್ರೆ ಸಾಲಿಡ್ ಬ್ಲಾಕು, ಭಾರ ಹೊರೋದು ಕಾಲಮ್ ಮತ್ತು ಬೀಮ್. ಬ್ಲಾಕ್ ಗೋಡೆಗೆ ರಾವಲ್ ಪ್ಲಗ್ ಹೊಡೆದು ಮನುಷ್ಯರನ್ನ ನೇತು ಹಾಕೋ ಯೋಚನೆ ಕನಸಲ್ಲೂ ಬೇಡ. ಸ್ಟ್ರಕ್ಚರಲ್ ಇಂಜಿನಿಯರ್ ಒಬ್ಬರನ್ನ ಕರೆಸಿ, ಕಾಲಮ್‌ನಲ್ಲಿ ಕಂಬಿ ಎಲ್ಲೆಲ್ಲಿದೆ ಅಂತ ಸ್ಕ್ಯಾನ್ ಮಾಡಿಸಿ, ಕಂಬಿ ತಪ್ಪಿಸಿ ತೂತು ಕೊರೆದು ಕೆಮಿಕಲ್ ಆಂಕರ್, ಅಂದ್ರೆ ಅಂಟು ತುಂಬಿ ಕೂರಿಸೋ ಬೋಲ್ಟ್, ಹಾಕಿಸಿದ್ವಿ. ಕೊರೆದ ಮೇಲೆ ತೂತನ್ನ ಗಾಳಿ ಊದಿ, ಬ್ರಷ್ ಹಾಕಿ, ಮತ್ತೆ ಊದಿ ಧೂಳು ಪೂರ್ತಿ ತೆಗೀಬೇಕು, ಧೂಳಿದ್ರೆ ಅಂಟು ಹಿಡಿಯೋದು ಧೂಳನ್ನೇ, ಕಾಂಕ್ರೀಟ್‌ನ ಅಲ್ಲ. ಕೆಲಸದ ಹುಡುಗರು ಒಂದು ಸಲ ಊದಿ ಸಾಕು ಸಾರ್ ಅಂದ್ರು, ನಾನು ಪಕ್ಕದಲ್ಲೇ ನಿಂತು ಮತ್ತೆ ಬ್ರಷ್ ಹಾಕಿಸ್ದೆ. ಅಂಟು ಗಟ್ಟಿ ಆಗೋಕೆ ಪ್ಯಾಕ್ ಮೇಲೆ ಬರೆದಷ್ಟು ಹೊತ್ತು ಬಿಟ್ಟು, ಆಮೇಲೆ ಹೈಡ್ರಾಲಿಕ್ ಜಾಕಲ್ಲಿ ಎಳೆದು ಟೆಸ್ಟ್. ಆಂಕರ್‌ಗೆ ಯುರೋಪಿನ ಇಎನ್ 795 ಹೇಳೋದು 12 ಕಿಲೋನ್ಯೂಟನ್, ಅಂದ್ರೆ ಸುಮಾರು 1200 ಕೆಜಿ ಎಳೆತ. ಡಿಸೈನ್ ಅಷ್ಟಕ್ಕೇ ಮಾಡಿಸಿದ್ವಿ, ಕಾಲಮ್ ಮೇಲೆ ಎಷ್ಟು ಎಳೆದು ನೋಡಬೇಕು ಅನ್ನೋದನ್ನ ಇಂಜಿನಿಯರ್ ನಿರ್ಧಾರಕ್ಕೇ ಬಿಟ್ವಿ.

ಗ್ರಿಲ್ ವಿಷಯದಲ್ಲಿ ಅಸೋಸಿಯೇಷನ್ ಮೀಟಿಂಗ್ ಎರಡು ಭಾನುವಾರ ಎಳೀತು. ಕಳ್ಳರು ಬರ್ತಾರೆ, ಮಕ್ಕಳು ತೆಗೀತಾರೆ, ಕಟ್ಟಡದ ಹೊರನೋಟ ಹಾಳಾಗುತ್ತೆ ಅಂತ ಒಬ್ಬೊಬ್ಬರದ್ದು ಒಂದೊಂದು ಮಾತು. ಮಕ್ಕಳ ಮಾತು ಮಾತ್ರ ನನಗೂ ಸರಿ ಅನ್ನಿಸ್ತು. ಅದಕ್ಕೆ ಗ್ರಿಲ್‌ನಲ್ಲಿ ಎರಡೂವರೆ ಅಡಿ ಅಗಲ ಮೂರಡಿ ಎತ್ತರದ ಭಾಗ ಕತ್ತರಿಸಿ ಹಿಂಜ್ ಹಾಕಿಸಿ, ಎರಡು ಚಿಲಕ ಕೊಟ್ಟೆ, ಒಂದು ದೊಡ್ಡವರ ಕೈಗೆ ಎಟುಕೋ ಎತ್ತರದಲ್ಲಿ, ಇನ್ನೊಂದು ಕೆಳಗೆ, ಎರಡನ್ನೂ ಒಟ್ಟಿಗೆ ಎಳೆದ್ರೆ ಮಾತ್ರ ತೆಗೆಯುತ್ತೆ. ಬೀಗ ಬೇಡ ಅಂತ ಹಠ ಹಿಡಿದೆ. ಹೊಗೇಲಿ ಕೀ ಹುಡುಕೋಕೆ ಆಗಲ್ಲ, ಕೀ ಪಕ್ಕದಲ್ಲೇ ಮೊಳೆಗೆ ಹಾಕಿರ್ತೀವಿ ಅಂತಾರೆ, ಆರು ತಿಂಗಳಾದ್ಮೇಲೆ ಆ ಮೊಳೇಲಿ ಏನಿರುತ್ತೆ ಹೋಗಿ ನೋಡಿ. ವೆಲ್ಡಿಂಗ್ ಶಾಪ್‌ನೋರು ಹಿಂಜ್‌ಗೆ ಬಣ್ಣ ಹೊಡೆದುಬಿಟ್ರೆ ಅಂಟ್ಕೊಂಡುಬಿಡುತ್ತೆ, ಗ್ರೀಸ್ ಹಾಕಿಸಿ.

ಟೆಸ್ಟ್ ಮಾಡಿದ್ದು ಅಕ್ಕಿ ಮೂಟೆ, ಸಿಮೆಂಟ್ ಚೀಲದಲ್ಲಿ. 25 ಕೆಜಿ ಅಕ್ಕಿ ಮೂಟೆ ಒಂದ್ಸಲ, 50ರ ಸಿಮೆಂಟ್ ಒಂದು, ಆಮೇಲೆ ಎರಡು ಚೀಲ ಕಟ್ಟಿ 100. ಮಗಳು ಕೆಳಗೆ ಫೋನಲ್ಲಿ ಸ್ಟಾಪ್‌ವಾಚ್ ಹಿಡ್ಕೊಂಡು ನಿಂತ್ಲು, 100 ಕೆಜಿ ಇಳಿದ ಹೊತ್ತು 25 ಕೆಜಿ ಇಳಿದ ಹೊತ್ತಿಗೆ ಹತ್ತಿರ ಹತ್ತಿರ ಅರ್ಧ ಇತ್ತು, ಪುಸ್ತಕದ ಲೆಕ್ಕ ಕಣ್ಣೆದುರು ನಿಜ ಆಗಿದ್ದು ನೋಡಿ ಎಷ್ಟು ಖುಷಿ ಆಯ್ತು ಅಂದ್ರೆ ಅವಳಿಗೆ ಅಲ್ಲೇ ವರ್ಗಮೂಲ ಪಾಠ ಮಾಡಿದೆ. ಮನುಷ್ಯರು ಇಳಿಯೋವಾಗ ಮಾತ್ರ ಹೊರಗಿನ ಗಾಜು ಒರೆಸೋ ರೋಪ್ ಕೆಲಸದವರನ್ನ ಕರೆಸಿದ್ದೆ, ಟೆರೇಸಿಂದ ಬೇರೆ ಸೇಫ್ಟಿ ಹಗ್ಗ ಕಟ್ಟಿ ಅವರೇ ಹಿಡ್ಕೊಂಡಿದ್ರು. ಈ ಎರಡನೇ ಹಗ್ಗ ಇಲ್ದೆ ಪ್ರಾಕ್ಟೀಸ್ ಮಾಡ್ಬೇಡಿ, ದಯವಿಟ್ಟು.

ಇಳಿಯೋವಾಗ ಮೈಗೆ ಗೊತ್ತಾಗೋದು ಕೆಲವು ವಿಷಯ. ಸಾದಾ ಬೆಲ್ಟ್ ಕಂಕುಳ ಕೆಳಗೆ ಬರುತ್ತೆ, ಕೈ ಮೇಲೆತ್ತಿದ್ರೆ ಜಾರಿಹೋಗೋ ಅಪಾಯ ಇದೆ, ಆದ್ರೆ ಭಯ ಆದಾಗ ಎಲ್ಲರೂ ಮಾಡೋದು ಕೈ ಮೇಲೆತ್ತಿ ಹಗ್ಗ ಹಿಡಿಯೋದೇ. ಹೊರಗೆ ಕಾಲಿಡೋವಾಗ ಎರಡೂ ಹಗ್ಗ ಸೇರಿಸಿ ಹಿಡೀಬೇಕು, ಮೈ ಭಾರ ಹಗ್ಗದ ಮೇಲೆ ಬಿದ್ದ ತಕ್ಷಣ ಕೈ ಬಿಟ್ಟು ಮೊಣಕೈ ಕೆಳಗೇ ಇಟ್ಕೊಂಡು ಅಂಗೈ ಗೋಡೆ ಕಡೆ. ಮೇಲೆ ಹೋಗ್ತಿರೋ ಹಗ್ಗ ಹಿಡಿದ್ರೆ ಕೈಯೂ ಸುಡುತ್ತೆ, ನಿಂತೂ ಬಿಡ್ತೀರ. ಇದನ್ನ ನಾವು ಕಿಟಕಿಯಲ್ಲಿ ಅಲ್ಲ, ಹಾಲ್‌ನಲ್ಲಿ ನಿಂತು ಬೆಲ್ಟ್ ಹಾಕ್ಕೊಂಡು ಕಣ್ಣು ಮುಚ್ಚಿ ಮಾಡ್ತೀವಿ, ಈಗಲೂ.

ಅಮ್ಮ ಮೊದಲು ಒಪ್ಪಲೇ ಇಲ್ಲ. "ಈ ಮೊಣಕಾಲು ಇಟ್ಕೊಂಡು ನಾನೆಲ್ಲಿ ಕಣೋ ಹಗ್ಗದಲ್ಲಿ ಇಳೀಲಿ, ನೀವು ಮೂರು ಜನ ಇಳೀರಿ ಸಾಕು" ಅಂದ್ರು. ಆ ಮಾತು ಕೇಳಿ ನಾನು ಸಾದಾ ಬೆಲ್ಟ್ ಬಿಟ್ಟು ತೊಡೆ ಸೇರಿಸಿ ಕೂರಿಸ್ಕೊಳ್ಳೋ ತ್ರಿಕೋನದ ರೆಸ್ಕ್ಯೂ ಹಾರ್ನೆಸ್ ತರಿಸಿದೆ, ಸೀರೆ ಮೇಲೂ ಹಾಕಬಹುದು, ಮೊಣಕಾಲಿಗೆ ಕೆಲಸವೇ ಇಲ್ಲ, ಕೈ ಮೇಲೆತ್ತಿದ್ರೂ ಜಾರಲ್ಲ. ರೋಪ್‌ನವರು ಇಬ್ಬರು ಕಿಟಕಿ ದಾಟಿಸಿ ಬಿಟ್ರು, ಅಮ್ಮ ಕೆಳಗೆ ಹುಲ್ಲಿನ ಮೇಲೆ ನಿಂತು ಮೇಲೆ ನೋಡಿ "ಇಷ್ಟೇನಾ?" ಅಂದ್ರು. ಅವತ್ತು ಸಾಯಂಕಾಲ ಫೋನ್ ಮಾಡಿ ಊರಲ್ಲಿರೋ ಚಿಕ್ಕಮ್ಮಂಗೆ ಪೂರ್ತಿ ಕಥೆ ಹೇಳಿದ್ರು.

ಯಾರು ಮೊದಲು ಅನ್ನೋದನ್ನ ಮುಂಚೆನೇ ತೀರ್ಮಾನ ಮಾಡಿ. ನಮ್ಮಲ್ಲಿ ಮೊದಲು ನನ್ನ ಹೆಂಡ್ತಿ, ಕೆಳಗೆ ಯಾರಾದ್ರೂ ಗಟ್ಟಿಗರು ಇದ್ದು ಬೆಲ್ಟ್ ಬಿಚ್ಚಿಕೊಡಬೇಕು. ಆಮೇಲೆ ಮಗಳು, ಆಮೇಲೆ ಅಮ್ಮ, ಕೊನೆಗೆ ನಾನು. ಕೊನೆಯವರು ತಾವೇ ಬೆಲ್ಟ್ ಹಾಕ್ಕೋಬೇಕು, ಹೊಗೆ ಜಾಸ್ತಿ ಆಗಿರುತ್ತೆ, ಅದಕ್ಕೆ ರೂಮಿನ ಬಾಗಿಲು ಮುಚ್ಚಿ ಸಂದಿಗೆ ಒದ್ದೆ ಬಟ್ಟೆ ತುರುಕಿ, 112ಕ್ಕೆ ಫೋನ್ ಮಾಡಿ, ಅದೆಲ್ಲಾ ಆದ್ಮೇಲೇ ಡಬ್ಬ ತೆಗೆಯೋದು. ಬಾಗಿಲು ಮುಚ್ಚಿದ್ರೆ ಸಿಗೋ ಆ ಕೆಲವು ನಿಮಿಷ ಇಲ್ದಿದ್ರೆ ನಾಲ್ಕು ಜನ ಒಬ್ಬೊಬ್ಬರಾಗಿ ಇಳಿಯೋಕೆ ಆಗೋದೇ ಇಲ್ಲ.

ಮೇಂಟೆನೆನ್ಸ್ ಅಂದ್ರೆ ನಮ್ಮೂರಲ್ಲಿ ಮೊದಲ ಶತ್ರು ಪಾರಿವಾಳ. ಹೊರಗಿರೋ ತೋಳಿನ ಮೇಲೆ ಗೂಡು ಕಟ್ಟುತ್ತೆ, ಹಿಕ್ಕೆ ಬಿದ್ದು ಬೋಲ್ಟ್ ತುಕ್ಕು ಹಿಡಿಯುತ್ತೆ. ತೋಳು ಮಡಚಿ ಒಳಗೆ ಇರೋ ಹಾಗೆ ಮಾಡಿಸಿ, ಬೋಲ್ಟ್ ಸ್ಟೇನ್‌ಲೆಸ್ ಹಾಕ್ಸಿ, ಬ್ರೇಕ್ ಯೂನಿಟ್‌ನ ಸೀಲ್ ಮಾತ್ರ ನೀವಾಗಿ ಬಿಚ್ಚಬೇಡಿ, ನಾನು ಮೆಷಿನ್ ಡಿಸೈನರ್ ಆಗಿದ್ರೂ ಬಿಚ್ಚಿಲ್ಲ. ಹಗ್ಗ ಬಿಸಿಲಲ್ಲಿ ಇಡಬಾರದು, ವರ್ಷಕ್ಕೊಮ್ಮೆ ಪೂರ್ತಿ ಬಿಚ್ಚಿ ಕೈಯಲ್ಲಿ ಸವರಿ ನೋಡ್ತೀನಿ, ಎಲ್ಲಾದ್ರೂ ಉಬ್ಬಿದ್ರೆ, ನೂಲು ಕಿತ್ತಿದ್ರೆ ಬದಲಾಯಿಸೋದೇ.

ನಮ್ಮ ಬ್ಲಾಕ್‌ನ 4ನೇ ಮತ್ತು 9ನೇ ಮಹಡಿಯವರು ಈಗ ನಮಗೂ ಬೇಕು ಅಂತಿದ್ದಾರೆ. 4ನೇ ಮಹಡಿಯವರ ಕಿಟಕಿ ನಮ್ಮ ಸಾಲಲ್ಲೇ ಇದೆ, ಆಗುತ್ತೆ. 9ನೇ ಮಹಡಿಯವರದ್ದು ಇನ್ನೊಂದು ಕಡೆ, ಕೆಳಗೆ ಬೇಸ್‌ಮೆಂಟ್ ರ‍್ಯಾಂಪ್, ಅಲ್ಲಿ ಇಳಿದವರು ಎಲ್ಲಿ ನಿಲ್ಲಬೇಕು ಅನ್ನೋದು ಇನ್ನೂ ಬಗೆಹರಿದಿಲ್ಲ. ಯಾರೇ ಹಾಕಿಸಿದ್ರೂ ಹಾಕಿದವರ ಹತ್ರ ಕಂಬಿ ಸ್ಕ್ಯಾನ್ ರಿಪೋರ್ಟ್ ಮತ್ತು ಎಳೆದ ಟೆಸ್ಟ್ ರಿಪೋರ್ಟ್ ಎರಡೂ ಕೇಳಿ ಇಸ್ಕೊಳ್ಳಿ, ಕೊಡಲ್ಲ ಅಂದ್ರೆ ಅವರ ಕೈಲಿ ಕೆಲಸ ಮಾಡಿಸ್ಬೇಡಿ.