49 ದಿನ ಕಾಯುವವರು ಯಾರು?

ನಾನು ಇನ್ಫ್ಯೂಷನ್ ಪಂಪ್‌ಗೆ ಫರ್ಮ್‌ವೇರ್, ಅಂದರೆ ಮೆಷಿನ್ ಒಳಗೇ ಕೂತು ಅದನ್ನು ನಡೆಸುವ ಸಾಫ್ಟ್‌ವೇರ್, ಬರೆಯುತ್ತೇನೆ. ಐಸಿಯುನಲ್ಲಿ ರೋಗಿಯ ರಕ್ತನಾಳಕ್ಕೆ ಅಳತೆ ಪ್ರಕಾರ ಔಷಧಿ ಬಿಡುವ ಮೆಷಿನ್ ಅದು. ಔಷಧಿ ಜಾಸ್ತಿ ಹೋದರೂ ಕಷ್ಟ, ನಿಂತುಹೋದರೂ ಕಷ್ಟ. ದಿನಾ ಕಾಣುವ ಬಗ್‌ಗಳಿಗೆ ನಾನು ಅಷ್ಟು ಹೆದರುವುದಿಲ್ಲ, ಅವು ಟೆಸ್ಟ್‌ನಲ್ಲೇ ಸಿಕ್ಕಿಬೀಳುತ್ತವೆ. ತಿಂಗಳುಗಟ್ಟಲೆ ಸುಮ್ನಿದ್ದು ಒಂದು ದಿನ ಎದ್ದು ಬರುತ್ತವಲ್ಲ, ಅವುಗಳದ್ದೇ ಭಯ.

ಮಿಲಿಸೆಕೆಂಡ್ ಎಣಿಸುವ 32 ಬಿಟ್ ಕೌಂಟರ್ ಸುಮಾರು 49.7 ದಿನಕ್ಕೆ ತುಂಬಿ ಮತ್ತೆ ಸೊನ್ನೆಗೆ ಬರುತ್ತದೆ. ಕೋಡ್ ಹುಷಾರಾಗಿಲ್ಲದಿದ್ದರೆ ಆಗ ಸಮಯದ ಲೆಕ್ಕ ತಪ್ಪುತ್ತದೆ. ಬೋಯಿಂಗ್ 787ರಲ್ಲೂ ಇಂಥದ್ದೇ ಒಂದು ಬಗ್ ಇತ್ತು. ಜನರೇಟರ್ ನಿಯಂತ್ರಿಸುವ ಘಟಕಗಳು 248 ದಿನ ಆಫ್ ಆಗದೆ ಓಡಿದರೆ ಒಳಗಿನ ಕೌಂಟರ್ ಓವರ್‌ಫ್ಲೋ ಆಗಿ ವಿಮಾನದ ಎಸಿ ವಿದ್ಯುತ್ತೇ ಹೋಗಬಹುದು ಎಂದು ಅಮೆರಿಕದ ವಿಮಾನಯಾನ ನಿಯಂತ್ರಣ ಸಂಸ್ಥೆ ಎಫ್‌ಎಎ 2015ರಲ್ಲಿ ಎಚ್ಚರಿಸಿತ್ತು.

ಟೆಸ್ಟ್ ಬೆಂಚಿನಲ್ಲಿ ಅಷ್ಟು ದಿನ ಕಾಯೋಕೆ ಆಗಲ್ಲ. ಹಾಗಾಗಿ ನಾನು ಕೌಂಟರನ್ನು ಸೊನ್ನೆಯಿಂದ ಶುರು ಮಾಡುವುದೇ ಇಲ್ಲ. ತುಂಬಲು ಇನ್ನು ಐದು ನಿಮಿಷ ಇದೆ ಅನ್ನುವ ಸಂಖ್ಯೆಯಿಂದ ಶುರು ಮಾಡುತ್ತೇನೆ. ಲಿನಕ್ಸ್ ಆಪರೇಟಿಂಗ್ ಸಿಸ್ಟಂನ ತಿರುಳಾದ ಕರ್ನಲ್ ಕೂಡ ಇದನ್ನೇ ಮಾಡುತ್ತದೆ. 'ಈಗಿನ ಸಮಯ ಗಡುವು ದಾಟಿತಾ' ಅಂತ ನೇರವಾಗಿ ಹೋಲಿಸುವ ಸಾಲು ಎಲ್ಲಾದರೂ ಇದ್ದರೆ ಐದನೇ ನಿಮಿಷಕ್ಕೆ ಬಯಲಾಗುತ್ತದೆ. ಈಗಿನ ಸಮಯದಿಂದ ಶುರುವಾದ ಸಮಯವನ್ನು ಅನ್‌ಸೈನ್ಡ್ (ಮೈನಸ್ ಇಲ್ಲದ) ಸಂಖ್ಯೆಗಳಾಗಿ ಕಳೆದು ನೋಡಿದರೆ ಕೌಂಟರ್ ಸುತ್ತಿದರೂ ಲೆಕ್ಕ ತಪ್ಪುವುದಿಲ್ಲ. ಆಸ್ಪತ್ರೆಗೆ ಹೋಗುವ ಫರ್ಮ್‌ವೇರ್‌ನಲ್ಲೂ ಇದನ್ನು ಹಾಗೇ ಬಿಟ್ಟಿದ್ದೇನೆ. ಟೆಸ್ಟ್ ಮಾಡಿದ್ದು ಒಂದು, ಕಳಿಸಿದ್ದು ಇನ್ನೊಂದು ಆದರೆ ಏನು ಬಂತು?

ವಾಚ್‌ಡಾಗ್ ವಿಷಯದಲ್ಲೂ ನನ್ನದು ಇದೇ ಹಟ. ನಿಗದಿತ ಸಮಯದೊಳಗೆ 'ಎಲ್ಲ ಸರಿ ಇದೆ' ಅನ್ನುವ ಸೂಚನೆ, ಅಂದರೆ ಕಿಕ್, ಬರದಿದ್ದರೆ ಪ್ರೋಗ್ರಾಂ ಸಿಕ್ಕಿಹಾಕಿಕೊಂಡಿದೆ ಎಂದು ಕ್ರಮ ಕೈಗೊಳ್ಳುವ ಕಾವಲು ಟೈಮರ್ ಅದು. ಟೈಮರ್ ಇಂಟರಪ್ಟ್ (ಮುಖ್ಯ ಕೆಲಸವನ್ನು ಆಗಾಗ ತಡೆದು ಓಡುವ ಚಿಕ್ಕ ಕೋಡ್) ಒಳಗಿಂದಲೇ ಅದನ್ನು ಕಿಕ್ ಮಾಡುವ ಕೋಡ್ ಎಷ್ಟೋ ನೋಡಿದ್ದೇನೆ. ಮುಖ್ಯ ಲೂಪ್ ಸಿಕ್ಕಿಹಾಕಿಕೊಂಡಿದ್ದರೂ ಇಂಟರಪ್ಟ್ ಓಡುತ್ತಲೇ ಇರುತ್ತದೆ, ವಾಚ್‌ಡಾಗ್‌ಗೆ ಗೊತ್ತೇ ಆಗುವುದಿಲ್ಲ. ನಮ್ಮಲ್ಲಿ ಮೋಟಾರ್, ಗಾಳಿಗುಳ್ಳೆ ಸೆನ್ಸರ್, ಅಲಾರಂ, ಈ ಮೂರೂ ಟಾಸ್ಕ್‌ಗಳು ತಮ್ಮ ಕೆಲಸ ಮುಗಿಸಿ ಫ್ಲ್ಯಾಗ್ ಹಾಕಿದ ಮೇಲೆ ಮಾತ್ರ ಕಿಕ್. ಡಿಬಗ್ಗರ್‌ನಿಂದ ಒಂದೊಂದೇ ಟಾಸ್ಕನ್ನು ಸಿಕ್ಕಿಸಿ, ಮೋಟಾರ್ ನಿಂತು ಬಜರ್ ಕೂಗಿತಾ ನೋಡುತ್ತೇನೆ. ಬಜರ್‌ಗೆ ಬೇರೆಯೇ ಸರ್ಕ್ಯೂಟ್ ಇದೆ. ಪ್ರೊಸೆಸರ್ ನಿಂತಾಗಲೇ ತಾನೇ ಅದು ಕೂಗಬೇಕಾದದ್ದು!

ಇನ್ನು ಅಪ್‌ಡೇಟ್. ಡಿಜಿಟಲ್ ಸಹಿ ಸರಿ ಇಲ್ಲದ ಫರ್ಮ್‌ವೇರನ್ನು, ಮೆಷಿನ್ ಆನ್ ಆದಾಗ ಮೊದಲು ಓಡುವ ಬೂಟ್‌ಲೋಡರ್ ಓಡಿಸುವುದಿಲ್ಲ. ಸಹಿ ಸರಿ ಇದ್ದರೂ ಹಳೇ ವರ್ಷನ್ ಆದರೆ ಬೇಡ ಅನ್ನುತ್ತದೆ. ಇಲ್ಲದಿದ್ದರೆ ನಾವು ಮುಚ್ಚಿದ ತೂತನ್ನು ಯಾರಾದರೂ ಹಳೇ ಫೈಲ್ ಹಾಕಿ ಮತ್ತೆ ತೆರೆಯಬಹುದು, ಅಲ್ವಾ? ಟೆಸ್ಟ್‌ನಲ್ಲಿ ಅಪ್‌ಡೇಟ್ ನಡೆಯುವಾಗ ಒಂದು ರಿಲೇ (ವಿದ್ಯುತ್‌ನಿಂದ ಓಡುವ ಸ್ವಿಚ್) ರಾತ್ರಿಯಿಡೀ ಮನಸ್ಸಿಗೆ ಬಂದಾಗ ಪವರ್ ಕತ್ತರಿಸುತ್ತಿರುತ್ತದೆ. ಪ್ರತಿ ಸಲವೂ ಹಳೆಯದೋ ಹೊಸದೋ ಪೂರ್ತಿಯಾಗಿ ಬೂಟ್ ಆಗಿರಬೇಕು. ಲಾಗ್‌ನಲ್ಲಿ ಒಂದೇ ಒಂದು ಅರ್ಧಂಬರ್ಧ ಕಂಡರೂ ಆ ವಾರ ರಿಲೀಸ್ ಇಲ್ಲ. ಮ್ಯಾನೇಜರ್‌ಗೆ ಸಿಟ್ಟು ಬರುತ್ತದೆ, ಬರಲಿ.