ಡ್ರಿಲ್ಲಿಂಗ್ ದತ್ತಾಂಶಕ್ಕೆ ಎಂಟರ್‌ಪ್ರೈಸ್ ಆರ್ಕಿಟೆಕ್ಚರ್: ನನ್ನ ಅನುಭವ

ಎಂಟರ್‌ಪ್ರೈಸ್ ಆರ್ಕಿಟೆಕ್ಚರ್ (ಸಂಸ್ಥೆಯ ಕೆಲಸ, ದತ್ತಾಂಶ, ತಂತ್ರಾಂಶಗಳನ್ನು ಒಂದಕ್ಕೊಂದು ಹೊಂದಿಸುವ ವಿನ್ಯಾಸ) ಬ್ಯಾಂಕುಗಳಿಗೆ ತಕ್ಕ ಆಡಂಬರ, ಕೊರೆದು ತೆಗೆದ ಶಿಲೆಯ ತುಂಡುಗಳನ್ನು ಇಡುವ ಕೋರ್ ಷೆಡ್ಡಿಗೆ ಎಕ್ಸೆಲ್ ಸಾಕು ಎಂದು ನಮ್ಮ ಹಿರಿಯ ಭೂವಿಜ್ಞಾನಿಗಳು ನಗುತ್ತಿದ್ದರು. ಹಟ್ಟಿ–ಮಸ್ಕಿ ಶಿಸ್ಟ್ ಪಟ್ಟಿಯಲ್ಲಿರುವ ನಮ್ಮ ಚಿನ್ನದ ಬ್ಲಾಕಿನ ಸಂಪನ್ಮೂಲ ಅಂದಾಜಿಗೆ ಬೇಕಾದ ಕಾಲರ್ (ಬೋರ್‌ಹೋಲ್‌ನ ಬಾಯಿಯ ಸ್ಥಾನ), ಸರ್ವೆ (ಹೋಲ್ ಸಾಗಿದ ದಿಕ್ಕು), ಲಿಥಾಲಜಿ (ಶಿಲೆಯ ಬಗೆ) ಮತ್ತು ಅಸ್ಸೇ (ಲೋಹಾಂಶ ಪರೀಕ್ಷೆ) ಕೋಷ್ಟಕಗಳು ಈ ಬಾರಿ ಒಂದೇ ಮಧ್ಯಾಹ್ನದಲ್ಲಿ ತಾಳೆಯಾಗಿ ಹೊರಬಂದ ಮೇಲೆ ಆ ನಗು ನಿಂತಿದೆ. ಹಿಂದೆ ಇದೇ ಕೆಲಸಕ್ಕೆ ಬೆಂಗಳೂರಿನ ಕಚೇರಿಯಲ್ಲಿ ಇಬ್ಬರು ಒಂದು ತಿಂಗಳಿಗೂ ಹೆಚ್ಚು ಕಾಲ ಕೂರುತ್ತಿದ್ದರು.

ನನಗಿಂತ ಮೊದಲು ಎರಡು ಯತ್ನಗಳು ನಡೆದು ಸೋತಿದ್ದವು. ಮೊದಲನೆಯದರಲ್ಲಿ ವರ್ಷಕ್ಕೆ ಹದಿನೈದು ಲಕ್ಷದ ಆಸುಪಾಸಿನ ಪರವಾನಗಿ ಶುಲ್ಕ ಕಟ್ಟಿ ಸಿದ್ಧ ತಂತ್ರಾಂಶವೊಂದನ್ನು ತಂದರು. ಕ್ಷೇತ್ರದಲ್ಲಿ ಯಾರೂ ಅದನ್ನು ತೆರೆಯದೆ, ಎಕ್ಸೆಲ್‌ನಲ್ಲಿ ತುಂಬಿ ತಿಂಗಳ ಕೊನೆಗೆ ಅದರೊಳಗೆ ಸುರಿಯುತ್ತಿದ್ದರು. ಎರಡನೆಯದರಲ್ಲಿ ಸಲಹೆಗಾರರೊಬ್ಬರು ಟೋಗಾಫ್ ಎಂಬ ಎಂಟರ್‌ಪ್ರೈಸ್ ಆರ್ಕಿಟೆಕ್ಚರ್ ವಿಧಾನದ ಎಲ್ಲ ಹಂತಗಳನ್ನೂ ಶ್ರದ್ಧೆಯಿಂದ ನಡೆಸಿ, ದಪ್ಪ ದಪ್ಪ ದಾಖಲೆಗಳನ್ನೂ ಅಷ್ಟೇ ದಪ್ಪ ಬಿಲ್ಲನ್ನೂ ಬಿಟ್ಟು ಹೋದರು. ಆ ದಾಖಲೆಗಳಲ್ಲಿ ಸರ್ವರ್‌ಗಳ ಚಿತ್ರಗಳಿದ್ದವು, ಆದರೆ ಕೋರ್ ಪೆಟ್ಟಿಗೆಯನ್ನು ಯಾರು ತೆರೆಯುತ್ತಾರೆ ಎಂಬ ಮಾತು ಎಲ್ಲಿಯೂ ಇರಲಿಲ್ಲ.

ನನ್ನ ಕೈಗೆ ಬಂದ ಹಳೆಯ ದತ್ತಾಂಶದ ಸ್ಥಿತಿಯನ್ನು ಈ ವೃತ್ತಿಯವರಿಗೆ ಬಿಡಿಸಿ ಹೇಳಬೇಕಿಲ್ಲ. ರಾಯಚೂರಿನ ಬೋರ್‌ಹೋಲ್‌ಗಳು ಪ್ರತಿ ವಲಯದಲ್ಲೂ ಅಂಕಿಗಳು ಮರುಕಳಿಸುವ ಯುಟಿಎಂ ನಕ್ಷಾ ಪದ್ಧತಿಯ 43ನೇ ವಲಯದಲ್ಲಿದ್ದರೆ, 78 ಡಿಗ್ರಿ ರೇಖಾಂಶವನ್ನು ದಾಟಿದ ಕೋಲಾರ ಪಟ್ಟಿಯವು 44ರಲ್ಲಿದ್ದವು. ವಲಯದ ಅಂಕಣವೇ ಇಲ್ಲದ ಹಾಳೆಯಿಂದ ನಕ್ಷೆ ತೆಗೆದಾಗ ಕೋಲಾರದ ಅಷ್ಟೂ ಕೊರೆತ ಅರಬ್ಬೀ ಸಮುದ್ರದಲ್ಲಿ ನಡೆದಂತೆ ಕಂಡಿತು. ಗಣಿ ತಂತ್ರಾಂಶಗಳ ಪೈಕಿ ಸರ್ಪ್ಯಾಕ್‌ನಲ್ಲಿ ಕೆಳಮುಖದ ಡಿಪ್ (ಹೋಲ್ ವಾಲುವ ಕೋನ) ಋಣಾತ್ಮಕ, ಡೇಟಾಮೈನ್‌ನಲ್ಲಿ ಧನಾತ್ಮಕ; ಎರಡನ್ನೂ ಬಳಸಿದ ಗುತ್ತಿಗೆದಾರರ ಫೈಲುಗಳು ಬೆರೆತು ಕೆಲವು ಹೋಲ್‌ಗಳು ಆಕಾಶದ ಕಡೆಗೆ ಹೋಗಿದ್ದವು. ಇವೆರಡೂ ಕಣ್ಣಿಗೆ ಬೀಳುವ ದೋಷಗಳಾದ್ದರಿಂದ ಅಪಾಯವಿಲ್ಲ. ನಿಜವಾಗಿ ದುಬಾರಿಯಾದದ್ದು, ಪ್ರಯೋಗಾಲಯವು 0.01ಕ್ಕಿಂತ ಕಡಿಮೆ (ಪರೀಕ್ಷೆ ಪತ್ತೆಹಚ್ಚಬಲ್ಲ ಮಿತಿಗಿಂತ ಕೆಳಗೆ) ಎಂದು ಕೊಟ್ಟ ಫಲಿತಾಂಶವನ್ನು ಒಬ್ಬರು ಸೊನ್ನೆ ಎಂದೂ, ಇನ್ನೊಬ್ಬರು ಅರ್ಧ ಮೌಲ್ಯವೆಂದೂ, ಮತ್ತೊಬ್ಬರು ಖಾಲಿ ಎಂದೂ ತುಂಬಿದ್ದು. ಖಾಲಿ ಎಂದರೆ ಪರೀಕ್ಷೆಯೇ ಆಗಿಲ್ಲ ಎಂದು ಬಗೆದು, ಆಗಲೇ ಫಲಿತಾಂಶ ಬಂದಿದ್ದ ಮಾದರಿಗಳನ್ನೇ ಮತ್ತೆ ಫೈರ್ ಅಸ್ಸೇಗೆ (ಕರಗಿಸಿ ಚಿನ್ನ ಅಳೆಯುವ ಪರೀಕ್ಷೆಗೆ) ಕಳುಹಿಸಿ ನಾಲ್ಕೈದು ಲಕ್ಷ ಕಳೆದಿದ್ದರು.

ನಾನು ತಂತ್ರಾಂಶದ ಗೋಜಿಗೆ ಹೋಗದೆ, ಪ್ರತಿಯೊಂದು ಅಂಕಣಕ್ಕೂ ಒಬ್ಬನೇ ಒಡೆಯ ಯಾರು ಎಂಬ ಒಂದೇ ಪ್ರಶ್ನೆಯಿಂದ ಆರಂಭಿಸಿದೆ. ಟೋಗಾಫ್ ರೂಪಿಸಿದ ದಿ ಓಪನ್ ಗ್ರೂಪ್ ಸಂಸ್ಥೆ ಹೊರತಂದಿರುವ, ಪರಿಶೋಧನೆ ಮತ್ತು ಗಣಿಗಾರಿಕೆಗೆಂದೇ ರಚಿಸಿದ ಉದ್ಯಮ ಮಾದರಿಯಿಂದ ಕೆಲಸಗಳ ಹೆಸರುಗಳನ್ನಷ್ಟೇ ಎತ್ತಿಕೊಂಡು, ಆರ್ಕಿಮೇಟ್ ಎಂಬ ಚಿತ್ರಭಾಷೆಯಲ್ಲಿ ಮೂರು ಚಿತ್ರಗಳನ್ನು ಮಾತ್ರ ಬರೆದು ಕೋರ್ ಷೆಡ್ಡಿನ ಗೋಡೆಗೆ ಅಂಟಿಸಿದೆ. ಕಾಲರ್ ನಿರ್ದೇಶಾಂಕ ಸರ್ವೇಯರನದು. ವಲಯ ಮತ್ತು ಡೇಟಂ (ನಿರ್ದೇಶಾಂಕಗಳಿಗೆ ಆಧಾರವಾದ ಭೂಮಾದರಿ) ನಮೂದಿಸದೆ ಸಾಲು ಸೇರುವುದಿಲ್ಲ. ಶಿಲೆಯ ಸಂಕೇತ ಲಾಗಿಂಗ್ ಮಾಡಿದ (ಕೋರ್ ನೋಡಿ ವಿವರ ಬರೆದ) ಭೂವಿಜ್ಞಾನಿಯದು. ಹೊಸ ಸಂಕೇತ ಬೇಕಿದ್ದರೆ ಬೆಂಗಳೂರಿನ ಒಪ್ಪಿಗೆ ಬೇಕು. ಅಸ್ಸೇ ಫಲಿತಾಂಶ ಪ್ರಯೋಗಾಲಯದ ಫೈಲಿನಿಂದ ನೇರವಾಗಿ ಮಾದರಿ ಸಂಖ್ಯೆಗೆ ಜೋಡಣೆಯಾಗುತ್ತದೆ, ನಡುವೆ ಯಾರ ಕೈಯೂ ಸೋಕುವಂತಿಲ್ಲ. ಪತ್ತೆಮಿತಿಗಿಂತ ಕಡಿಮೆ ಎಂಬ ಚಿಹ್ನೆ ಬಂದಂತೆಯೇ ಉಳಿದು, ಅದಕ್ಕೆ ಯಾವ ಅಂಕಿ ಕೊಡಬೇಕೆಂಬುದು ಅಂದಾಜು ಮಾಡುವಾಗ ಮಾತ್ರ ತೀರ್ಮಾನವಾಗುತ್ತದೆ. ಇಷ್ಟಕ್ಕೂ ಪೋಸ್ಟ್‌ಗ್ರೆಸ್ ದತ್ತಸಂಚಯ ಮತ್ತು ಅದಕ್ಕೆ ನಕ್ಷೆಯ ಬಲ ಕೊಡುವ ಪೋಸ್ಟ್‌ಜಿಐಎಸ್ ಸಾಕಾದವು, ಎರಡೂ ಉಚಿತ. ಒಬ್ಬ ಪ್ರೋಗ್ರಾಮರ್‌ನ ಸಂಬಳ, ಬಾಡಿಗೆ ಸರ್ವರ್, ಬಾರ್‌ಕೋಡ್ ಪ್ರಿಂಟರ್ ಎಲ್ಲ ಸೇರಿ ಮೊದಲ ವರ್ಷದ ಖರ್ಚು ಒಂಬತ್ತು ಲಕ್ಷದ ಒಳಗೇ ಇತ್ತೆಂದು ನೆನಪು.

ಮಾದರಿ ಸಂಖ್ಯೆಯ ಕೊನೆಯ ಅಂಕಿಯನ್ನು ನಾವು ಹೇಗೆ ಲೆಕ್ಕಹಾಕುತ್ತೇವೆ, ಪ್ರಯೋಗಾಲಯವನ್ನು ಪರೀಕ್ಷಿಸಲು ಬ್ಲ್ಯಾಂಕ್ (ಚಿನ್ನವಿಲ್ಲದ ಮಾದರಿ) ಮತ್ತು ಸ್ಟ್ಯಾಂಡರ್ಡ್‌ಗಳನ್ನು (ಚಿನ್ನದ ಪ್ರಮಾಣ ಮೊದಲೇ ತಿಳಿದ ಮಾದರಿ) ಯಾವ ಕ್ರಮದಲ್ಲಿ ನುಗ್ಗಿಸುತ್ತೇವೆ ಎಂಬುದನ್ನು ಇಲ್ಲಿ ಬರೆಯಲಾರೆ. ಪ್ರಯೋಗಾಲಯದವರೂ ಕನ್ನಡ ಓದುತ್ತಾರೆ. ಆ ಕ್ರಮದಿಂದಾಗಿಯೇ ಒಂದು ಕಂತಿನಲ್ಲಿ ಚಿನ್ನವಿರಬಾರದ ಬ್ಲ್ಯಾಂಕ್‌ನಲ್ಲಿ ಚಿನ್ನ ಕಂಡದ್ದು ಫೈಲು ಬಂದ ದಿನವೇ ತಿಳಿದು, ಇಡೀ ಕಂತಿನ ಮರುಪರೀಕ್ಷೆಯನ್ನು ಪ್ರಯೋಗಾಲಯದ ಖರ್ಚಿನಲ್ಲೇ ಮಾಡಿಸಿದೆವು. ಮೀಟರಿಗೆ ಹತ್ತು ಸಾವಿರದ ಮೇಲೆ ತೆತ್ತು ಕೊರೆಯುವ ನಮಗೆ, ಆ ಸುಳ್ಳು ಚಿನ್ನವನ್ನು ನಂಬಿ ಇನ್ನೆರಡು ಹೋಲ್ ಕೊರೆದಿದ್ದರೆ ಎಷ್ಟಾಗುತ್ತಿತ್ತೆಂಬುದನ್ನು ಹಣಕಾಸು ವಿಭಾಗದವರು ತಾವೇ ಲೆಕ್ಕಹಾಕಿಕೊಂಡರು. ಅಂದಿನಿಂದ ನನ್ನ ಬಜೆಟ್ಟಿಗೆ ತಕರಾರು ಬಂದಿಲ್ಲ.

ನಡುವೆ ಕೋರ್‌ನ ಫೋಟೋಗಳಿಂದ ಶಿಲೆಯನ್ನು ಗುರುತಿಸುವ ಪ್ರಯೋಗವನ್ನೂ ಮಾಡಿದೆವು. ಆಂಫಿಬೊಲೈಟ್ ಎಂಬ ಶಿಲೆಯ ಒಂದೇ ತುಂಡನ್ನು ಯಂತ್ರವು ಒದ್ದೆಯಿದ್ದಾಗ ಒಂದು ಶಿಲೆಯೆಂದೂ ಒಣಗಿದಾಗ ಇನ್ನೊಂದೆಂದೂ ಹೇಳಿತು. ಎಲ್ಲ ಪೆಟ್ಟಿಗೆಗಳನ್ನೂ ಒದ್ದೆ ಮಾಡಿ, ಒಂದೇ ಬೆಳಕಿನಲ್ಲಿ ತೆಗೆದ ಮೇಲೆ ಸುಧಾರಿಸಿತಾದರೂ ಲಾಗಿಂಗ್ ಮಾಡುವವರ ಜಾಗಕ್ಕೆ ಬರುವಷ್ಟಲ್ಲ. ಈಗ ಅದನ್ನು ಪೆಟ್ಟಿಗೆಯಲ್ಲಿ ತುಂಡುಗಳು ತಿರುವುಮುರುವಾಗಿವೆಯೇ ಎಂದು ನೋಡಲು ಮಾತ್ರ ಬಳಸುತ್ತೇವೆ. ಟ್ಯಾಬ್ಲೆಟ್‌ನಲ್ಲಿ ಲಾಗಿಂಗ್ ಮಾಡಿಸುವ ಯೋಜನೆ ರಾಯಚೂರಿನ ಏಪ್ರಿಲ್ ಬಿಸಿಲಿಗೆ ಸೋತಿತು: ಪರದೆ ಕಾಣದು, ಯಂತ್ರ ಕಾದು ತಾನೇ ಆರಿಹೋಗುತ್ತದೆ. ಈಗ ಮುದ್ರಿತ ಹಾಳೆಯಲ್ಲೇ ಬರೆದು, ಸಂಜೆ ಷೆಡ್ಡಿನಲ್ಲಿ ಬರೆದವರೇ ಟೈಪು ಮಾಡುತ್ತಾರೆ. ಬೇರೆಯವರಿಗೆ ಕೊಟ್ಟರೆ ಒಡೆತನದ ನಿಯಮವೇ ಮುರಿಯುತ್ತದೆ.

2015ರ ಖನಿಜಾಂಶ ಸಾಕ್ಷ್ಯ ನಿಯಮಗಳ ಜಿ4ರಿಂದ (ಪ್ರಾಥಮಿಕ ಸಮೀಕ್ಷೆ) ಜಿ1ರವರೆಗಿನ (ವಿವರವಾದ ಪರಿಶೋಧನೆ) ಹಂತಗಳನ್ನೂ ಪ್ರತಿ ಹೋಲ್‌ಗೆ ಈಗ ಅಂಟಿಸಿದ್ದೇವೆ. ಒಂದು ಬ್ಲಾಕು ಜಿ3ರಿಂದ ಜಿ2ಕ್ಕೆ ಏರಲು ಎಲ್ಲೆಲ್ಲಿ ಇನ್ನೂ ಕೊರೆಯಬೇಕೆಂಬುದು ದತ್ತಸಂಚಯಕ್ಕೆ ಕೇಳುವ ಒಂದು ಪ್ರಶ್ನೆಯಲ್ಲಿ ಸಿಗುತ್ತದೆ. ಉಳಿದಿರುವುದು ಸಾಪೇಕ್ಷ ಸಾಂದ್ರತೆಯ ಅಳತೆಗಳು. ಅವು ಇಂದಿಗೂ ಮೂವರ ನೋಟ್‌ಪುಸ್ತಕಗಳಲ್ಲಿ ಹಂಚಿಹೋಗಿವೆ, ಒಡೆಯ ಯಾರೆಂಬ ವಾದ ಇನ್ನೂ ತೀರಿಲ್ಲ.