ಯಾವ ಫೈಲಿನಲ್ಲಿ ಬಗ್ ಬಂದೀತು? ಗಿಟ್ ದಾಖಲೆಯಿಂದ ಲೆಕ್ಕ ಹಾಕುವ ಕ್ರಮ

ಕಾಸರಗೋಡಿನ ಬದಿಯಡ್ಕ, ಕುಂಬಳೆ ಕಡೆ ಅಡಿಕೆ ಖರೀದಿಗೆ ಬಿಲ್ ಮಾಡುವ ಒಂದು ಸಾಫ್ಟ್‌ವೇರ್ ಇದೆ ಎಂದುಕೊಳ್ಳಿ. ಫೈಲುಗಳು 200, ಪರೀಕ್ಷಿಸುವವರು ಇಬ್ಬರು. ಮೊದಲು ಯಾವುದನ್ನು ತೆರೆದು ನೋಡಬೇಕು ಎಂಬ ಪಟ್ಟಿ ಅವರ ಕೈಗೆ ಸಿಗಬೇಕು.

ಅದಕ್ಕೆ ಮುಂಚೆ ಬಗ್‌ಗಳ (ಕೋಡಿನ ತಪ್ಪುಗಳ) ದಾಖಲೆ ಸರಿಯಾಗಿರಲಿ. ಪ್ರತಿ ಬಗ್‌ಗೂ ಒಂದು ನಂಬರ್ ಕೊಟ್ಟು, ಕೋಡಿನ ಬದಲಾವಣೆಗಳನ್ನು ದಾಖಲಿಸುವ ಗಿಟ್‌ನಲ್ಲಿ, ಅದನ್ನು ತಿದ್ದಿದ ಕಮಿಟ್‌ನ (ಒಮ್ಮೆಗೆ ದಾಖಲಿಸಿದ ಬದಲಾವಣೆಯ) ಸಂದೇಶದಲ್ಲಿ ಆ ನಂಬರ್ ಬರೆಯಿರಿ. ಬರೀ ‘ಅಪ್‌ಡೇಟ್’ ಎಂದು ಬರೆದರೆ ಲೆಕ್ಕಕ್ಕೆ ಏನೂ ಸಿಗುವುದಿಲ್ಲ. ಅದೇ ಕಮಿಟ್‌ಗೆ ಹೊಸ ರಿಪೋರ್ಟಿನ ಕೋಡನ್ನೂ ಸೇರಿಸಿದರೆ, ತಪ್ಪೇ ಇಲ್ಲದ ಫೈಲಿನ ಖಾತೆಗೂ ಬಗ್ ಬೀಳುತ್ತದೆ.

ಎರಡು ಅಳತೆಗಳಿಂದ ಶುರು ಮಾಡಿ. ಒಂದು, ಬದಲಾವಣೆ: ಗಿಟ್ ಲಾಗ್ ಆಜ್ಞೆಗೆ ನಮ್‌ಸ್ಟ್ಯಾಟ್ ಆಯ್ಕೆ ಸೇರಿಸಿದರೆ ಪ್ರತಿ ಫೈಲಿಗೆ ಸೇರಿದ, ಅಳಿದ ಸಾಲುಗಳು ಸಿಗುತ್ತವೆ. ಇನ್ನೊಂದು, ಥಾಮಸ್ ಮೆಕೇಬ್ 1976ರಲ್ಲಿ ಮುಂದಿಟ್ಟ ಸೈಕ್ಲೋಮ್ಯಾಟಿಕ್ ಅಂಕ: ಫಂಕ್ಷನ್‌ನ (ಒಂದು ಕೆಲಸ ಮಾಡುವ ಕೋಡಿನ ತುಂಡಿನ) ಕವಲುಗಳನ್ನು ಎಣಿಸಿ 1 ಕೂಡಿಸುವುದು. ಹೊಸತು, ಹಳತು, ಪಟೋರ, ಉಳ್ಳಿ, ಕೋಕ ಎಂದು ಅಡಿಕೆಯ ದರ್ಜೆಗೊಂದರಂತೆ ಐದು ಇಫ್ (ಷರತ್ತು), ಮೇಲೊಂದು ಲೂಪ್ (ಪುನರಾವರ್ತನೆ) ಇದ್ದರೆ ಅಂಕ 7. ಮುಂಗಡ, ಕಡಿತ, ಸದಸ್ಯ ಹೌದೋ ಅಲ್ಲವೋ ಎಂಬ ಮೂರು ಇಫ್ ಕೂಡಿದರೆ ಮೆಕೇಬ್ ಸೂಚಿಸಿದ 10ರ ಗಡಿಗೆ ಬಂದು ನಿಲ್ಲುತ್ತದೆ. ಲಿಝಾರ್ಡ್ ಎಂಬ ಉಚಿತ ಟೂಲ್ ಇದನ್ನು ಎಣಿಸಿಕೊಡುತ್ತದೆ.

ಹೆಚ್ಚಿನವರು ಎಡವುವುದು ಕಾಲದ ವಿಷಯದಲ್ಲಿ. ಮೇಯಿಂದ ಅಕ್ಟೋಬರ್‌ವರೆಗಿನ ಬದಲಾವಣೆ, ಅಕ್ಟೋಬರ್ 31ರ ಕೋಡಿನ ಅಂಕ, ಇವಿಷ್ಟನ್ನೇ ತೆಗೆದುಕೊಳ್ಳಿ. ನವೆಂಬರ್‌ನಿಂದ ಫೆಬ್ರವರಿವರೆಗೆ ತಿದ್ದಿದ ಬಗ್‌ಗಳ ಮೇಲೆ ತಾಳೆ ನೋಡಿ. ಇಂದಿನ ಕೋಡನ್ನು ಅಳೆದರೆ ಬಗ್ ತಿದ್ದಿದ ಸಾಲುಗಳೂ ಬದಲಾವಣೆಯ ಲೆಕ್ಕಕ್ಕೆ ಸೇರಿ, ಊಹೆ ಸುಳ್ಳೇ ಚೆನ್ನಾಗಿ ಕಾಣುತ್ತದೆ. ತಾಳೆಯ ಅವಧಿಯಲ್ಲಿ ಕೊಯ್ಲಿನ ತಿಂಗಳುಗಳೂ ಇರಲೇಬೇಕು. ಮಳೆಗಾಲದಲ್ಲಿ ಓಡದ ಕೋಡಿನ ಬಗ್ಗೆ ಯಾರೂ ದೂರುವುದಿಲ್ಲ.

ಇನ್ನು ಸ್ಪ್ರೆಡ್‌ಶೀಟ್. ಎರಡೂ ಅಳತೆಗೆ ಬೇರೆಬೇರೆ ಸ್ಥಾನ ಹಾಕಿ, ಸ್ಥಾನಗಳನ್ನು ಕೂಡಿಸಿ, ಮೊದಲ 40 ಫೈಲುಗಳಲ್ಲಿ ಎಷ್ಟು ಬಗ್ ಬಂದವೆಂದು ಎಣಿಸಿ. ಆಮೇಲೆ ಸಾಲುಗಳ ಸಂಖ್ಯೆಯಿಂದಷ್ಟೇ ಜೋಡಿಸಿದ ಪಟ್ಟಿಯಲ್ಲಿ, ಅಷ್ಟೇ ಸಾಲು ಓದಿದರೆ ಎಷ್ಟು ಸಿಗುತ್ತಿತ್ತು ನೋಡಿ. ದೊಡ್ಡ ಫೈಲಿಗೆ ಅಂಕವೂ ಹೆಚ್ಚಿರುವುದು ಸಹಜ. ಆದ್ದರಿಂದ ಈ ಹೋಲಿಕೆಯಲ್ಲಿ ಗೆಲ್ಲದ ಪಟ್ಟಿಯನ್ನು ಬಳಸಬೇಡಿ.

ಇಡೀ ಫೈಲಿನ ಇಂಡೆಂಟ್ (ಸಾಲಿನ ಆರಂಭದ ಖಾಲಿ ಜಾಗ) ಬದಲಿಸಿದ ಕಮಿಟ್, ಟೂಲ್ ತಾನೇ ಬರೆದ ಕೋಡ್, ಎರಡನ್ನೂ ಮೊದಲೇ ಬಿಡಿ. ಅಂಕ ನೋಡಿ ಬರೆದವರನ್ನು ಅಳೆಯಲೇಬೇಡಿ; ಹಾಗೆ ಮಾಡಿದರೆ ಜನ ಬಗ್‌ಗೆ ನಂಬರ್ ಹಾಕುವುದನ್ನೇ ನಿಲ್ಲಿಸುತ್ತಾರೆ.

ಪಟ್ಟಿಯ ಮೇಲೆ ಬಂದ ಬಿಲ್ ಫೈಲಿಗೆ ಮೊದಲು ಈ ಪರೀಕ್ಷೆ: ತೂಕ 0, ತೂಕ ಅರ್ಧ ಕಿಲೋ, ಒಂದೇ ಬಿಲ್‌ನಲ್ಲಿ ಎರಡು ದರ್ಜೆ, ಒಂದು ಹೆಸರು ಕನ್ನಡದಲ್ಲಿ, ಇನ್ನೊಂದು ಮಲಯಾಳದಲ್ಲಿ.